ಚಿಕ್ಕ ಮಕ್ಕಳಿರುವ ಮನೆಯ ಸ್ನಾನಗೃಹ: ವಿನ್ಯಾಸ ಹಾಗೂ ಸುರಕ್ಷತೆ

ಸಣ್ಣ ನಿವೇಶನಗಳಲ್ಲಿ ಮನೆ ನಿರ್ಮಿಸುವಾಗ ಸ್ನಾನಗೃಹಕ್ಕೆ ದೊರೆಯುವ ಸ್ಥಳ ಅತ್ಯಲ್ಪ. ಸ್ನಾನಗೃಹ ಮತ್ತು ಶೌಚಾಲಯ ಒಂದೇ ಕೊಠಡಿಯಲ್ಲಿದ್ದಲ್ಲಿ ಸಾಮಾನ್ಯವಾಗಿ ಕನಿಷ್ಠ 2.8 ಚದರ ಮೀಟರ್, ಅಂದರೆ ಸುಮಾರು 30 ಚದರ ಅಡಿ ವಿಸ್ತೀರ್ಣ ಹಾಗೂ 1.2 ಮೀಟರ್ ಅಗಲ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆಯು ಸೂಚಿಸುತ್ತದೆ. ವಯಸ್ಕರೊಬ್ಬರ ಸ್ನಾನಕ್ಕೆ ಇಷ್ಟು ಸ್ಥಳ ಸಾಕು. ಆದರೆ ಮಗುವಿಗೆ ನೀರೆರೆಯುವಾಗ ತಾಯಿ ಅಥವಾ ಅಜ್ಜಿ ಮಣೆ ಹಾಕಿ ಕುಳಿತುಕೊಳ್ಳಬೇಕು, ಬಕೆಟ್ಟು ಕೈಗೆಟಕುವಂತಿರಬೇಕು, ಮಗುವಿಗೂ ಜಾಗವಿರಬೇಕು. ಆದುದರಿಂದ ಕಮೋಡ್ ಮತ್ತು ಕೈತೊಳೆಯುವ ಬೇಸಿನ್ನನ್ನು ಬಾಗಿಲ ಬದಿಗೆ ಒಂದೇ ಗೋಡೆಗೆ ಹೊಂದಿಸಿ, ಒಳತುದಿಯ ನೆಲವನ್ನು ಸ್ನಾನಕ್ಕೆ ತೆರವಾಗಿ ಬಿಡುವುದು ಸೂಕ್ತ. ಇದರಿಂದ ಬಾಗಿಲ ಬಳಿಯ ನೆಲವೂ ಬಹುಮಟ್ಟಿಗೆ ಒಣಗಿರುತ್ತದೆ.

ಬಾಗಿಲು ಹೊರಕ್ಕೆ ತೆರೆಯುವಂತಿರುವುದು ಉತ್ತಮ. ಒಳಗೆ ಯಾರಾದರೂ ಬಿದ್ದಿದ್ದಲ್ಲಿ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ. ಮೂರು ವರ್ಷದ ಮಗು ಚಿಲಕ ಹಾಕಿಕೊಳ್ಳಲು ಕಲಿಯುತ್ತದೆ, ತೆಗೆಯಲು ತಿಳಿಯದೆ ಗಾಬರಿಗೊಳ್ಳುತ್ತದೆ. ಒಳಚಿಲಕವನ್ನು ಮಗುವಿನ ಕೈಗೆ ಸಿಗದಂತೆ ಸುಮಾರು 1.5 ಮೀಟರ್ ಎತ್ತರದಲ್ಲಿ ಅಳವಡಿಸಬೇಕು. ಹೊರಗಿನಿಂದಲೂ ತೆರೆಯಬಹುದಾದ ಬೀಗವಿದ್ದರೆ ಮತ್ತಷ್ಟು ಅನುಕೂಲ. ಸ್ನಾನಗೃಹವನ್ನು ಬಳಸದಿರುವಾಗ ಹೊರಗಿನ ಚಿಲಕ ಹಾಕಿರಬೇಕು.

ಈ ಕೊನೆಯ ಮಾತಿಗೆ ಕಾರಣವಿದೆ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ ಡ್ರಮ್ಮು, ಹಂಡೆ, ಬಕೆಟ್ಟುಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಅಂಬೆಗಾಲಿಡುವ ಹಾಗೂ ಆಗತಾನೆ ನಡೆಯುವ ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ಭಾರವಾಗಿರುತ್ತದೆ. ಬಕೆಟ್ಟಿನೊಳಕ್ಕೆ ಬಗ್ಗಿದ ಮಗು ತಲೆಕೆಳಗಾಗಿ ಬಿದ್ದರೆ ತಾನಾಗಿ ಮೇಲೇಳಲಾರದು, ಕೂಗಲೂ ಆರದು. ಕೇವಲ 5 ಸೆಂಟಿಮೀಟರ್ ಆಳದ ನೀರಿನಲ್ಲಿಯೂ ಮಗು ಮುಳುಗಬಹುದು. ಸಂಗ್ರಹದ ಪಾತ್ರೆಗೆ ಬಿಗಿಯಾದ ಮುಚ್ಚಳವಿರಬೇಕು. ಸ್ನಾನ ಮುಗಿದೊಡನೆ ಬಕೆಟ್ಟನ್ನು ಬರಿದುಮಾಡಿ ಬೋರಲು ಹಾಕಬೇಕು. ದೂರವಾಣಿ ಕರೆ ಬಂತೆಂದು ಮಗುವನ್ನು ಒಂಟಿಯಾಗಿ ಬಿಟ್ಟು ಹೋಗಲಾಗದು. ಹೋಗಲೇಬೇಕಾದಲ್ಲಿ ಮಗುವನ್ನು ಎತ್ತಿಕೊಂಡೇ ಹೋಗಬೇಕು.

ಬಿಸಿನೀರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. 60 ಡಿಗ್ರಿ ಸೆಲ್ಸಿಯಸ್‌ನ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ. ಮಕ್ಕಳ ಚರ್ಮ ತೆಳುವಾದುದರಿಂದ ಇನ್ನೂ ಬೇಗ. ವಿದ್ಯುತ್ ಗೀಸರಿನ ಉಷ್ಣನಿಯಂತ್ರಕವನ್ನು 50 ಡಿಗ್ರಿಯ ಆಸುಪಾಸಿನಲ್ಲಿ ಇರಿಸಬಹುದು. ಸೌರ ಜಲತಾಪಕಕ್ಕೆ ಸಾಮಾನ್ಯವಾಗಿ ಇಂತಹ ನಿಯಂತ್ರಣವಿರುವುದಿಲ್ಲ; ಬೇಸಿಗೆಯಲ್ಲಿ ತೊಟ್ಟಿಯ ನೀರು 60 ಡಿಗ್ರಿಯನ್ನೂ ಮೀರುತ್ತದೆ. ಅಂತಹ ಮನೆಗಳಲ್ಲಿ ತಣ್ಣೀರನ್ನು ತಾನೇ ಬೆರೆಸಿ ಹದಗೊಳಿಸುವ ಮಿಶ್ರಣ ವಾಲ್ವನ್ನು ಅಳವಡಿಸುವುದು ಲೇಸು. ಅದಿಲ್ಲದಿದ್ದಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು, ಅನಂತರ ಬಿಸಿನೀರು ಎಂಬ ಕ್ರಮವನ್ನು ಮನೆಯವರೆಲ್ಲರೂ ಪಾಲಿಸತಕ್ಕದ್ದು. ನೀರನ್ನು ಮೊಣಕೈಯಿಂದ ಪರೀಕ್ಷಿಸುವ ಹಿರಿಯರ ರೂಢಿ ಸರಿಯಾದುದೇ. ಬಕೆಟ್ಟಿನಲ್ಲಿ ಇಳಿಬಿಡುವ ಕಾಯಿಸುವ ಸರಳನ್ನು ಮಕ್ಕಳಿರುವ ಮನೆಯಲ್ಲಿ ಬಳಸದಿರುವುದೇ ಕ್ಷೇಮ.

ಅನಿಲ ಗೀಸರನ್ನು ಸ್ನಾನಗೃಹದ ಒಳಗೆ ಅಳವಡಿಸಲೇಬಾರದು. ಮುಚ್ಚಿದ ಸಣ್ಣ ಕೊಠಡಿಯಲ್ಲಿ ಆಮ್ಲಜನಕ ಕಡಿಮೆಯಾಗಿ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ ಪ್ರಾಣಹಾನಿ ಸಂಭವಿಸುತ್ತದೆ. ಉಪಕರಣವು ಗಾಳಿಯಾಡುವ ಹೊರಭಾಗದಲ್ಲಿದ್ದು, ನೀರಿನ ಕೊಳವೆ ಮಾತ್ರ ಒಳಬರಬೇಕು. ವಿದ್ಯುತ್ ಸ್ವಿಚ್ಚುಗಳು ಬಾಗಿಲ ಹೊರಗಿರಲಿ. ಮಂಡಲಕ್ಕೆ ಭೂಸಂಪರ್ಕವೂ 30 ಮಿಲಿಆಂಪಿಯರ್ ಸೋರಿಕೆಗೆ ವಿದ್ಯುತ್ ಕಡಿತಗೊಳಿಸುವ ಸಾಧನವೂ ಇರತಕ್ಕದ್ದು.

ನೆಲಕ್ಕೆ ಹೊಳಪಿನ ಟೈಲ್ಸ್ ಬದಲು ಒರಟು ಮೈಯವನ್ನೇ ಆರಿಸಬೇಕು. ಬೇಸಿನ್ನಿನ ಸಾಮಾನ್ಯ ಎತ್ತರ ಸುಮಾರು 80 ಸೆಂಟಿಮೀಟರ್. ಮಕ್ಕಳಿಗಾಗಿ ಅದನ್ನು ತಗ್ಗಿಸಿದರೆ ನಾಲ್ಕಾರು ವರ್ಷಗಳ ನಂತರ ಮತ್ತೆ ಏರಿಸಬೇಕಾಗುವುದರಿಂದ, ಜಾರದ ಕಾಲುಮಣೆಯೊಂದನ್ನು ಇಡುವುದು ಮಿತವ್ಯಯಕರ. ಟವೆಲು, ಸೋಪುಗಳಿಗೆ ಮಾತ್ರ ಮಗುವಿನ ಎತ್ತರಕ್ಕೆ ಕೊಕ್ಕೆ, ಗೂಡು ಇರಲಿ. ಫಿನಾಯಿಲ್, ಆಮ್ಲ ಮುಂತಾದವುಗಳನ್ನು ಮೇಲಿನ ಬೀಗವಿರುವ ಕಪಾಟಿನಲ್ಲಿಡಬೇಕು. ಅವನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ತುಂಬಿಡುವ ಅಭ್ಯಾಸ ಅತ್ಯಂತ ಅಪಾಯಕಾರಿ.

ಮಗುವಿನ ಮೇಲೆ ಬಿಸಿನೀರು ಬಿದ್ದಲ್ಲಿ ತಕ್ಷಣ ಆ ಭಾಗದ ಮೇಲೆ 20 ನಿಮಿಷಗಳ ಕಾಲ ತಣ್ಣನೆಯ ನಲ್ಲಿ ನೀರನ್ನು ಹರಿಸಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ ಹಚ್ಚಬಾರದು. ಬಳಿಕ ಸ್ವಚ್ಛ ಬಟ್ಟೆಯನ್ನು ಸಡಿಲವಾಗಿ ಹೊದಿಸಿ, ಮಗುವನ್ನು ಸಮೀಪದ ಆಸ್ಪತ್ರೆಗೆ ಕರೆದೊಯ್ಯಬೇಕು; ಕರ್ನಾಟಕದಲ್ಲಿ ಆಂಬ್ಯುಲೆನ್ಸಿಗಾಗಿ 108ಕ್ಕೆ ಕರೆ ಮಾಡಬಹುದಾಗಿದೆ.