ರಜೆ ಯಾರಿಗೆ, ಸಂಬಳ ಯಾರಿಗೆ?

ಹೊಸದೊಂದು ಜಯಂತಿಗೆ ರಜೆ ಬೇಕೆಂಬ ಬೇಡಿಕೆ ಆಗಾಗ ಏಳುತ್ತದೆ. ಆದರೆ ಸರ್ಕಾರ ರಜೆ ಸಾರಿದ ಮಾತ್ರಕ್ಕೆ ಕಾರ್ಖಾನೆಯ ಸೈರನ್ ನಿಲ್ಲುವುದಿಲ್ಲ.

ಬ್ಯಾಂಕುಗಳು ಮುಚ್ಚುವುದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಡಿ ಹೊರಡುವ ಅಧಿಸೂಚನೆಯಿಂದ. ಕಾರ್ಮಿಕರ ವೇತನ ಸಹಿತ ರಜೆಗೆ ಆಧಾರವೇ ಬೇರೆ. ಅದು ಕರ್ನಾಟಕದ 1963ರ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜಾ ಕಾಯ್ದೆ. ಅದರಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಖಾಯಂ ರಜೆ. ಜೊತೆಗೆ ಐದು ಹಬ್ಬಗಳು. ಅಂದು ದುಡಿಸಿಕೊಂಡರೆ ಎರಡರಷ್ಟು ವೇತನ, ಇಲ್ಲವೇ ವೇತನದೊಂದಿಗೆ ಬದಲಿ ರಜೆ ಕೊಡಬೇಕು.

ಈ ದಿನಗಳು ಸುಮ್ಮನೆ ಬಂದವಲ್ಲ. ಎಂಟು ಗಂಟೆಯ ದುಡಿಮೆಗಾಗಿ 1886ರಲ್ಲಿ ಷಿಕಾಗೋದಲ್ಲಿ ನಡೆದ ಹೋರಾಟದ ನೆನಪೇ ಮೇ ದಿನ. ಭಾರತದಲ್ಲಿ ಅದನ್ನು ಮೊದಲು ಆಚರಿಸಿದ್ದು 1923ರಲ್ಲಿ, ಮದರಾಸಿನ ಕಡಲ ತೀರದಲ್ಲಿ, ಸಿಂಗಾರವೇಲು ಅವರ ನೇತೃತ್ವದಲ್ಲಿ.

ರಜೆ ಹೆಚ್ಚಿದರೆ ಉತ್ಪಾದನೆ ಕುಗ್ಗುತ್ತದೆಂಬುದು ಮಾಲೀಕರ ವಾದ. ದುಡಿಯುವವನಿಗೂ ಹಬ್ಬ ಬೇಡವೇ ಎಂಬುದು ಕಾರ್ಮಿಕ ಸಂಘಗಳ ಪ್ರಶ್ನೆ. ಎರಡರಲ್ಲೂ ಹುರುಳಿದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಗಾರೆಯವರಿಗೆ, ಮನೆಗೆಲಸದವರಿಗೆ ಕೆಲಸ ನಿಂತ ದಿನ ಕೂಲಿಯೂ ನಿಲ್ಲುತ್ತದೆ. ಹನ್ನೊಂದನೆಯ ರಜೆ ಸೇರಿಸುವ ಮುನ್ನ, ಇರುವ ಹತ್ತು ಯಾರ ಮನೆಗೆ ತಲುಪಿವೆ ಎಂದು ಕೇಳುವುದು ನ್ಯಾಯ.