ದಂಶಕಗಳ ಮೇಲೆ ಗಿಡಮೂಲಿಕೆಗಳ ಪರೀಕ್ಷೆ

ಸಾಂಪ್ರದಾಯಿಕ ವೈದ್ಯಪದ್ಧತಿಗಳಲ್ಲಿ ಬಳಕೆಯಲ್ಲಿರುವ ಸಸ್ಯಗಳ ಗುಣ ಹಾಗೂ ಅಪಾಯಗಳನ್ನು ಇಲಿ, ಚಿಟ್ಟಿಲಿ, ಗಿನಿ ಹಂದಿ ಮೊದಲಾದ ದಂಶಕ ಪ್ರಾಣಿಗಳ ಮೇಲೆ ಪ್ರಯೋಗಾಲಯದಲ್ಲಿ ಪರಿಶೀಲಿಸುವ ಕ್ರಮವನ್ನು ಗಿಡಮೂಲಿಕೆಗಳ ದಂಶಕ ಪರೀಕ್ಷೆ ಎನ್ನುತ್ತಾರೆ. ಇದು ಔಷಧ ಸಂಶೋಧನೆಯ ಆರಂಭಿಕ ಹಂತ. ಇಲ್ಲಿ ದೊರೆತ ಫಲಿತಾಂಶವು ಮಾನವರಲ್ಲಿ ಪರೀಕ್ಷಿಸಲು ಆಧಾರವಾಗುತ್ತದೆಯೇ ಹೊರತು ಚಿಕಿತ್ಸೆಗೆ ಪ್ರಮಾಣವಾಗುವುದಿಲ್ಲ. ಕಾಮಾಲೆಯ ಮದ್ದೆಂದು ಪ್ರಸಿದ್ಧವಾದ ನೆಲನೆಲ್ಲಿಯ ಇತಿಹಾಸವು ಈ ಅಂತರಕ್ಕೆ ಉತ್ತಮ ಉದಾಹರಣೆಯಾಗಿದೆ.

ಪರೀಕ್ಷೆಯ ವಿಧಾನ

ಮೊದಲು ಸಸ್ಯವನ್ನು ಸಸ್ಯಶಾಸ್ತ್ರಜ್ಞರು ಗುರುತಿಸುತ್ತಾರೆ. ಬಳಿಕ ಅದನ್ನು ಒಣಗಿಸಿ, ಪುಡಿಮಾಡಿ, ನೀರು ಅಥವಾ ಮದ್ಯಸಾರದಲ್ಲಿ ಅದರ ಸಾರವನ್ನು ತೆಗೆಯಲಾಗುತ್ತದೆ. ಒಂದೇ ವಯಸ್ಸಿನ, ಒಂದೇ ತಳಿಯ ಪ್ರಾಣಿಗಳನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ಒಂದು ಗುಂಪು ಆರೋಗ್ಯವಾಗಿಯೇ ಇರುತ್ತದೆ. ಉಳಿದ ಗುಂಪುಗಳಲ್ಲಿ ಕೃತಕವಾಗಿ ರೋಗವನ್ನು ಉಂಟುಮಾಡಲಾಗುತ್ತದೆ. ಯಕೃತ್ತಿಗೆ ಹಾನಿಮಾಡಲು ಕಾರ್ಬನ್ ಟೆಟ್ರಾಕ್ಲೋರೈಡ್ ಅನ್ನೂ, ಮಧುಮೇಹ ಬರಿಸಲು ಸ್ಟ್ರೆಪ್ಟೊಜೊಟೊಸಿನ್ ಅನ್ನೂ ಬಳಸುವುದು ಸಾಮಾನ್ಯ. ರೋಗ ಬಂದ ಗುಂಪುಗಳಲ್ಲಿ ಒಂದಕ್ಕೆ ಮದ್ದು ಕೊಡುವುದಿಲ್ಲ, ಒಂದಕ್ಕೆ ಪರೀಕ್ಷೆಯ ಸಾರವನ್ನು, ಮತ್ತೊಂದಕ್ಕೆ ಈಗಾಗಲೇ ತಿಳಿದಿರುವ ಔಷಧವನ್ನು ಕೊಡುತ್ತಾರೆ. ಕೊನೆಯಲ್ಲಿ ರಕ್ತದಲ್ಲಿನ ಬಿಲಿರುಬಿನ್ ಮತ್ತು ಯಕೃತ್ತಿನ ಕಿಣ್ವಗಳನ್ನು ಅಳೆದು, ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಗುಂಪುಗಳನ್ನು ಪರಸ್ಪರ ಹೋಲಿಸುತ್ತಾರೆ.

ನೆಲನೆಲ್ಲಿ ಮತ್ತು ವುಡ್‌ಚಕ್

ನೆಲನೆಲ್ಲಿ ಅಥವಾ ಕಿರುನೆಲ್ಲಿ (ಫಿಲಾಂಥಸ್ ಅಮಾರಸ್) ಮಳೆಗಾಲದಲ್ಲಿ ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಪುಟ್ಟ ಗಿಡ. ಎಲೆಗಳ ಕೆಳಗೆ ಸಾಲಾಗಿ ಹಿಡಿಯುವ ಸಣ್ಣ ಕಾಯಿಗಳಿಂದ ಇದನ್ನು ಗುರುತಿಸಬಹುದು. ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದ ಹಳ್ಳಿಗಳಲ್ಲಿ ಗಿಡವನ್ನು ಅರೆದು ಹಾಲು ಅಥವಾ ಮಜ್ಜಿಗೆಯಲ್ಲಿ ಕದಡಿ ಕಾಮಾಲೆಗೆ ಕೊಡುವ ರೂಢಿಯಿದೆ.

ಹೆಪಟೈಟಿಸ್-ಬಿ ವೈರಾಣುವನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಬರೂಕ್ ಬ್ಲುಂಬರ್ಗ್ ಮತ್ತು ಸಹೋದ್ಯೋಗಿಗಳು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಈ ಸಸ್ಯವನ್ನು ಪರೀಕ್ಷಿಸಿದರು. ಮನುಷ್ಯರ ಹೆಪಟೈಟಿಸ್-ಬಿ ಸೋಂಕು ಸಾಮಾನ್ಯ ಇಲಿಗಳಿಗೆ ತಗಲುವುದಿಲ್ಲ. ಆದುದರಿಂದ, ಅದೇ ಬಗೆಯ ವೈರಾಣುವಿನ ಸೋಂಕಿಗೆ ಒಳಗಾಗುವ ವುಡ್‌ಚಕ್ ಎಂಬ ಉತ್ತರ ಅಮೆರಿಕದ ದಂಶಕವನ್ನು ಆರಿಸಿಕೊಂಡರು. 1987ರಲ್ಲಿ ಪ್ರಕಟವಾದ ವರದಿಯಂತೆ, ಹೊಸದಾಗಿ ಸೋಂಕು ತಗಲಿದ ನಾಲ್ಕು ಪ್ರಾಣಿಗಳ ಪೈಕಿ ಮೂರರ ರಕ್ತದಿಂದ ವೈರಾಣುವಿನ ಗುರುತುಗಳು ಮಾಯವಾದವು. ಆದರೆ ಬಹುಕಾಲದಿಂದ ಸೋಂಕು ಹೊತ್ತಿದ್ದ ಪ್ರಾಣಿಗಳಲ್ಲಿ ಫಲಿತಾಂಶ ಏಕರೂಪವಾಗಿರಲಿಲ್ಲ. 

ಮಾನವರಲ್ಲಿ ಪರೀಕ್ಷೆ

1988ರಲ್ಲಿ ಮದರಾಸಿನ ಸಂಶೋಧಕರು ವೈರಾಣುವಾಹಕರಿಗೆ 30 ದಿನಗಳ ಕಾಲ ನೆಲನೆಲ್ಲಿಯ ಪುಡಿಯನ್ನು ಕೊಟ್ಟು ನೋಡಿದರು. ಪುಡಿ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಾಣುವಿನ ಹೊರಕವಚದ ಪ್ರತಿಜನಕವು ಇಲ್ಲವಾಯಿತು. ಹುಸಿಮದ್ದು ಪಡೆದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಈ ಸುದ್ದಿ ಎಲ್ಲೆಡೆ ಆಶಾಭಾವನೆಯನ್ನು ಹುಟ್ಟಿಸಿತು. ಆದರೆ 1990ರಲ್ಲಿ ಥಾಯ್ಲೆಂಡ್‌ನಿಂದಲೂ 1994ರಲ್ಲಿ ನ್ಯೂಜಿಲೆಂಡ್‌ನಿಂದಲೂ ಪ್ರಕಟವಾದ ಪರೀಕ್ಷೆಗಳಲ್ಲಿ ಅಂತಹ ಫಲ ದೊರೆಯಲಿಲ್ಲ. ಲಭ್ಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ 2011ರ ಕಾಕ್ರೇನ್ ಸಮೀಕ್ಷೆಯು, ಹುಸಿಮದ್ದಿಗಿಂತ ಇದು ಮೇಲೆಂದು ಹೇಳಲು ಮನವರಿಕೆಯಾಗುವ ಆಧಾರವಿಲ್ಲವೆಂದು ತೀರ್ಮಾನಿಸಿತು.

ವ್ಯತ್ಯಾಸಕ್ಕೆ ಕಾರಣಗಳು

* ರೋಗದ ಸ್ವರೂಪ: ಪ್ರಯೋಗಾಲಯದಲ್ಲಿ ವಿಷವಿಕ್ಕಿ ತಂದ ಯಕೃತ್ತಿನ ಹಾನಿ ಬೇರೆ, ವೈರಾಣುವಿನಿಂದ ಬಂದ ರೋಗ ಬೇರೆ. ಅನೇಕ ಪ್ರಯೋಗಗಳಲ್ಲಿ ವಿಷಕ್ಕೆ ಮೊದಲೇ ಮೂಲಿಕೆಯನ್ನು ಕೊಟ್ಟಿರುತ್ತಾರೆ. ರೋಗಿಯಾದರೋ ರೋಗ ಬಂದ ನಂತರ ಮದ್ದು ಸೇವಿಸುತ್ತಾನೆ.
* ದೇಹರಚನೆ: ಇಲಿಗೆ ಪಿತ್ತಕೋಶವೇ ಇಲ್ಲ. ಔಷಧವನ್ನು ಜೀರ್ಣಿಸಿ ವಿಸರ್ಜಿಸುವ ವೇಗವೂ ಬೇರೆ.
* ಪ್ರಮಾಣ: ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸುವಾಗ ದೇಹದ ಮೇಲ್ಮೈ ವಿಸ್ತೀರ್ಣದ ಆಧಾರದ ಮೇಲೆ ಸುಮಾರು 6.2ರಿಂದ ಭಾಗಿಸುತ್ತಾರೆ. ಇಲಿಗೆ ಕಿಲೋಗ್ರಾಂ ತೂಕಕ್ಕೆ 200 ಮಿಲಿಗ್ರಾಂ ಕೊಟ್ಟಿದ್ದರೆ, 60 ಕಿಲೋಗ್ರಾಂ ತೂಕದ ವ್ಯಕ್ತಿಗೆ ಅದು ದಿನಕ್ಕೆ ಸುಮಾರು 1.9 ಗ್ರಾಂ ಸಾರವಾಗುತ್ತದೆ. ಸಾರವೆಂದರೆ ಹಸಿ ಗಿಡವಲ್ಲ ಎಂಬುದನ್ನೂ ಗಮನಿಸಬೇಕು.
* ಸಸ್ಯದ ಗುರುತು: ನೆಲನೆಲ್ಲಿಯನ್ನು ಹೋಲುವ ಹಲವು ಪ್ರಭೇದಗಳಿವೆ. 1987ರ ವರದಿಯಲ್ಲಿಯೇ ಗಿಡವನ್ನು ಫಿಲಾಂಥಸ್ ನಿರೂರಿ ಎಂದು ಹೆಸರಿಸಲಾಗಿತ್ತು.

ಯಶಸ್ವಿಯಾದ ಉದಾಹರಣೆ

ಇಲಿಯಲ್ಲಿ ಕಂಡ ಗುಣ ಮನುಷ್ಯನಲ್ಲಿಯೂ ಸಿದ್ಧವಾದದ್ದುಂಟು. ಚೀನಾದ ತು ಯೂಯೂ, ನಾಲ್ಕನೆಯ ಶತಮಾನದ ವೈದ್ಯ ಗೆ ಹಾಂಗ್‌ನ ಗ್ರಂಥದಲ್ಲಿ ಚಿಂಗ್‌ಹಾವೋ ಗಿಡವನ್ನು ಕುದಿಸದೆ ನೀರಿನಲ್ಲಿ ನೆನೆಸಿ ಹಿಂಡುವ ವಿಧಾನವನ್ನು ಗಮನಿಸಿದರು. ಶಾಖವು ಗುಣವನ್ನು ಕೆಡಿಸುತ್ತದೆಂದು ಊಹಿಸಿ, ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರಲ್ಲಿ ಮಲೇರಿಯಾ ಸೋಂಕಿದ ಚಿಟ್ಟಿಲಿಗಳಲ್ಲಿ ಅದು ನೂರಕ್ಕೆ ನೂರು ಫಲ ನೀಡಿತು. ಮರುವರ್ಷ ಅವರು ಮತ್ತು ಸಹೋದ್ಯೋಗಿಗಳು ತಾವೇ ಸೇವಿಸಿ ಸುರಕ್ಷತೆಯನ್ನು ಪರೀಕ್ಷಿಸಿದ ನಂತರವೇ ರೋಗಿಗಳಿಗೆ ಕೊಟ್ಟರು. ಆರ್ಟಿಮಿಸಿನಿನ್ ಎಂಬ ಈ ಔಷಧಕ್ಕಾಗಿ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಕಾನೂನು ಮತ್ತು ನೈತಿಕತೆ

ಭಾರತದಲ್ಲಿ ಇಂತಹ ಪ್ರಯೋಗಗಳು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ಒಳಪಟ್ಟಿವೆ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಪೂರ್ವಾನುಮತಿ ಕಡ್ಡಾಯ. ಸಾಧ್ಯವಾದಲ್ಲಿ ಪ್ರಾಣಿಗಳಿಗೆ ಬದಲಿ ವಿಧಾನ ಬಳಸುವುದು, ಅವುಗಳ ಸಂಖ್ಯೆಯನ್ನು ಇಳಿಸುವುದು, ನೋವನ್ನು ತಗ್ಗಿಸುವುದು ಎಂಬ ಮೂರು ತತ್ತ್ವಗಳನ್ನು ರಸೆಲ್ ಮತ್ತು ಬರ್ಚ್ 1959ರಲ್ಲಿ ಪ್ರತಿಪಾದಿಸಿದರು.

ಓದುಗರು ಗಮನಿಸಬೇಕಾದ ಅಂಶ

ಹೆಪಟೈಟಿಸ್-ಎ ಯಿಂದ ಬರುವ ಕಾಮಾಲೆ ಬಹುತೇಕ ರೋಗಿಗಳಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆಗ ಸೇವಿಸಿದ ಮೂಲಿಕೆಗೆ ಕೀರ್ತಿ ಸಲ್ಲುವುದು ಸಹಜ. ಹೆಪಟೈಟಿಸ್-ಬಿ ಹಾಗಲ್ಲ, ಅದು ದೀರ್ಘಕಾಲ ಉಳಿದರೆ ಯಕೃತ್ತು ಗಡಸಾಗುವ ಸಿರೋಸಿಸ್‌ಗೂ ಕ್ಯಾನ್ಸರಿಗೂ ಕಾರಣವಾಗಬಹುದು. ಹೊರನೋಟಕ್ಕೆ ಎರಡೂ ಒಂದೇ ಹಳದಿ ಬಣ್ಣ. ಯಾವುದೆಂದು ರಕ್ತಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ಆದುದರಿಂದ "ಇಲಿಗಳಲ್ಲಿ ಗುಣ ಕಂಡಿದೆ" ಎಂಬ ಸುದ್ದಿಯನ್ನು ನಂಬಿ ತಪಾಸಣೆಯನ್ನು ಮುಂದೂಡುವುದು ಅಪಾಯಕಾರಿ.