ಕಣ್ಣಳತೆ ಸಾಲದು: ಹೆರಿಗೆ ಕೋಣೆಯ ವಿಜ್ಞಾನ

ನಮ್ಮ ಕಲಬುರಗಿ ಜಿಲ್ಲೆಯ ಆಡಕಿ ಸುತ್ತಿನ ತೊಗರಿ ಹೊಲಗಳ ನಡುವಿನ ಊರಿನಲ್ಲಾಗಲಿ, ಚಿಂಚೋಳಿಯ ತಾಂಡಾದಲ್ಲಾಗಲಿ, ವಾಡಿ–ಶಹಾಬಾದ್ ಕಡೆಯ ಕೂಲಿಕಾರರ ಓಣಿಯಲ್ಲಾಗಲಿ ನಡುರಾತ್ರಿ ಬ್ಯಾನಿ ಶುರುವಾಯಿತೆಂದರೆ ಮನೆಯವರಿಗೆ ಮೊದಲು ನೆನಪಾಗುವುದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿ ಬಸುರಿಯ ಕೈ ಹಿಡಿಯುವವಳು ಶುಶ್ರೂಷಕಿ. ಜನರ ಬಾಯಲ್ಲಿ ಆಕೆ ‘ಸಿಸ್ಟರ್’. ಕೂಸು ಅತ್ತಿತು, ಮಾಸು ಬಿತ್ತು, ಹೊರಗೆ ನಿಂತವರ ಮುಖ ಅರಳಿತು. ಒಳಗಿರುವ ಸಿಸ್ಟರ್‌ಗೆ ಮಾತ್ರ ಕೆಲಸ ಇನ್ನೂ ಮುಗಿದಿಲ್ಲ. ತಾಯಿಯ ಮೈಯಿಂದ ಎಷ್ಟು ರಕ್ತ ಹೋಯಿತು ಎಂಬುದನ್ನು ಅವಳು ಹೇಳಬೇಕು.

ಪ್ರಶ್ನೆ ಸರಳ, ಉತ್ತರ ಸರಳವಲ್ಲ. ಮಾಸು ಕಳಚಿಕೊಂಡ ಜಾಗದಲ್ಲಿ ಗರ್ಭಕೋಶದ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಗರ್ಭಕೋಶದ ಸ್ನಾಯು ಮುಷ್ಟಿಯಂತೆ ಬಿಗಿದುಕೊಂಡರೆ ಆ ಬಾಯಿಗಳು ಮುಚ್ಚುತ್ತವೆ. ಸಡಿಲಾಗಿಯೇ ಉಳಿದರೆ ರಕ್ತ ನಿಲ್ಲುವುದಿಲ್ಲ. 500 ಮಿಲಿಲೀಟರ್ ದಾಟಿದರೆ ಅದನ್ನು ಹೆರಿಗೆ ನಂತರದ ರಕ್ತಸ್ರಾವ ಎಂದು ಕರೆಯುತ್ತಾರೆ. ಜಗತ್ತಿನಲ್ಲಿ ಬಾಣಂತಿಯರ ಸಾವಿನ ದೊಡ್ಡ ಕಾರಣಗಳಲ್ಲಿ ಇದು ಮುಂಚೂಣಿಯಲ್ಲಿದೆ. ಆದರೆ ಆ ಅರ್ಧ ಲೀಟರನ್ನು ಗುರುತಿಸುವುದು ಹೇಗೆ? ರಕ್ತ ಬಟ್ಟೆಗೆ ಹೀರಿಕೊಳ್ಳುತ್ತದೆ, ನೆತ್ತಿನೀರಿನ ಜೊತೆ ಬೆರೆಯುತ್ತದೆ, ನೆಲಕ್ಕೆ ಹರಿಯುತ್ತದೆ. ಬಹುಕಾಲ ದುನಿಯಾದ ಎಲ್ಲೆಡೆ ಇದಕ್ಕಿದ್ದ ಸಾಧನ ಕಣ್ಣಳತೆಯೊಂದೇ.

ಚೀಲವೊಂದು ಹೇಳಿದ ಸತ್ಯ

ಕಣ್ಣಳತೆಯನ್ನು ಒರೆಗೆ ಹಚ್ಚಿದ ಕೆಲಸ ನಮ್ಮ ರಾಜ್ಯದಲ್ಲೇ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಸಹೋದ್ಯೋಗಿಗಳೊಂದಿಗೆ ಸೇರಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಳಸಿದರು. ಕೂಸು ಹುಟ್ಟಿದೊಡನೆ ತಾಯಿಯ ಸೊಂಟದ ಕೆಳಗೆ ಹಾಸುವ ಹಾಳೆ ಅದು. ಅದರ ತುದಿಗೆ ಆಲಿಕೆಯಂಥ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 123 ಹೆಂಗಸರಿದ್ದರು. ಕೆಲವರ ರಕ್ತಸ್ರಾವವನ್ನು ಕಣ್ಣಿನಿಂದ ಅಂದಾಜಿಸಿದರು, ಉಳಿದವರದ್ದನ್ನು ಚೀಲದಲ್ಲಿ ಅಳೆದರು. ಕಣ್ಣಿನ ಅಂದಾಜು ಚೀಲದ ಅಳತೆಗಿಂತ ಶೇ 33ರಷ್ಟು ಕಡಿಮೆ ಬಂತು.

ಕಣ್ಣು ಹೀಗೆ ಮೂರರಲ್ಲಿ ಒಂದು ಪಾಲು ಕಳೆದು ಹೇಳಿದರೆ, 600 ಮಿಲಿಲೀಟರ್ ಹೋದ ತಾಯಿಯ ಹೆಸರಿನ ಮುಂದೆ 400 ಎಂದು ಬರೆದಿರುತ್ತಾರೆ. ಆಕೆಗೆ ಚಿಕಿತ್ಸೆ ಶುರುವಾಗುವುದೇ ಇಲ್ಲ. ಇದು ಸಿಸ್ಟರ್‌ನ ನಿರ್ಲಕ್ಷ್ಯವಲ್ಲ. ಎಷ್ಟೇ ಅನುಭವಿಯಾದರೂ ಮನುಷ್ಯನ ಕಣ್ಣಿಗಿರುವ ಮಿತಿ ಅದು. ಸಂಶೋಧನೆ ಶುರುವಾಗುವುದು ಈ ಮಿತಿಯನ್ನು ಒಪ್ಪಿಕೊಂಡಾಗ.

ಹೊಲದಿಂದ ಬಂದ ವಿಧಾನ

ಅಳತೆ ಸಿಕ್ಕಿತು. ಇನ್ನು ಔಷಧದ ಮಾತು. ಗರ್ಭಕೋಶ ಬಿಗಿಯಲು ಆಕ್ಸಿಟೋಸಿನ್ ಚುಚ್ಚುಮದ್ದು ಉಂಟು. ಆದರೆ ಅದನ್ನು ತಣ್ಣಗಿಡಬೇಕು, ಚುಚ್ಚುವ ಕೈ ಬೇಕು. ಮಿಸೊಪ್ರೊಸ್ಟಾಲ್ ಮಾತ್ರೆಗೆ ಫ್ರಿಜ್ ಬೇಡ, ಸೂಜಿಯೂ ಬೇಡ. ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ತಿಳಿಯುವ ಬಗೆ ಯಾವುದು?

ಇಲ್ಲಿ ನಮ್ಮ ತೊಗರಿ ರೈತನನ್ನು ನೆನೆಯೋಣ. ಹೊಸ ಬೀಜವನ್ನು ಎರಿ ಹೊಲಕ್ಕೂ ಹಳೆಯ ಬೀಜವನ್ನು ಕಲ್ಲು ಹೊಲಕ್ಕೂ ಬಿತ್ತಿ, ‘ಹೊಸದೇ ಚಲೋ’ ಎಂದರೆ ಪಕ್ಕದ ಹೊಲದವನು ಒಪ್ಪುತ್ತಾನೆಯೇ? ಇಳುವರಿ ಬೀಜದ್ದೋ ಮಣ್ಣಿನದೋ ಎಂದು ಕೇಳಿಯೇ ಕೇಳುತ್ತಾನೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ಆರ್. ಎ. ಫಿಶರ್ ಇದೇ ತೊಡಕಿಗೆ ಪರಿಹಾರ ಕೊಟ್ಟರು: ಯಾವ ತುಂಡಿಗೆ ಯಾವ ಬೀಜ ಎಂಬುದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡಿ, ಆಗ ಒಳ್ಳೆ ಮಣ್ಣು, ಕೆಟ್ಟ ಮಣ್ಣು ಎರಡೂ ಕಡೆ ಹಂಚಿಹೋಗುತ್ತವೆ. ಹೊಲದಲ್ಲಿ ಬೆಳೆದ ಈ ವಿಧಾನವೇ ಮುಂದೆ ಆಸ್ಪತ್ರೆಗೆ ಬಂದು ಯಾದೃಚ್ಛಿಕ ಪ್ರಯೋಗವಾಯಿತು.

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ ನಡೆದದ್ದು ಅದೇ. ಒಪ್ಪಿಗೆ ಕೊಟ್ಟ 1,620 ತಾಯಂದಿರಲ್ಲಿ 812 ಮಂದಿಗೆ ಮಿಸೊಪ್ರೊಸ್ಟಾಲ್, 808 ಮಂದಿಗೆ ಅದರಂತೆಯೇ ಕಾಣುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ತಾಯಿಗೂ ತಿಳಿಯದು, ಕೊಡುವವಳಿಗೂ ತಿಳಿಯದು. ಹಾಗೆ ಬಚ್ಚಿಡಲು ಕಾರಣವಿದೆ: ‘ಇವಳಿಗೆ ಔಷಧ ಕೊಟ್ಟಿದ್ದೇನೆ’ ಎಂಬ ನಂಬಿಕೆ ನೋಡುವ ಕಣ್ಣನ್ನೇ ವಾಲಿಸಿಬಿಡುತ್ತದೆ. ಮಾತ್ರೆ ಕೊಟ್ಟು, ಚೀಲದಲ್ಲಿ ರಕ್ತ ಅಳೆದವರು ಹಳ್ಳಿಯ ಕಿರಿಯ ಆರೋಗ್ಯ ಸಹಾಯಕಿಯರು.

ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ ಶೇ 12 ಮಂದಿಗೆ ರಕ್ತಸ್ರಾವವಾಯಿತು, ಮಿಸೊಪ್ರೊಸ್ಟಾಲ್ ತೆಗೆದುಕೊಂಡವರಲ್ಲಿ ಶೇ 6.4 ಮಂದಿಗೆ. ಬೇರೆ ಮಾತಿನಲ್ಲಿ, 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ. ನಡುಕ, ಜ್ವರ ಹೆಚ್ಚಾದದ್ದನ್ನೂ ಅದೇ ಪ್ರಾಮಾಣಿಕತೆಯಿಂದ ದಾಖಲಿಸಿದರು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಈ ಬಳಕೆಗಾಗಿ ಮಿಸೊಪ್ರೊಸ್ಟಾಲ್ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೆಳಗಾವಿಯ ಹಳ್ಳಿಗಳಲ್ಲಿ ಸಹಾಯಕಿಯರು ಬರೆದಿಟ್ಟ ಅಂಕಿಗಳು ಅಂಥ ತೀರ್ಮಾನದ ಹಿಂದಿನ ಪುರಾವೆಗಳಲ್ಲಿ ಸೇರಿವೆ.

ನಮ್ಮ ಜಿಲ್ಲೆಯ ಪ್ರಯೋಗ

ಔಷಧ ಗೊತ್ತಾದರೆ ಸಾಕೇ? ಅದನ್ನು ಸರಿಯಾದ ಹೊತ್ತಿಗೆ ಕೊಡಲು ಗೊತ್ತಿರಬೇಕು, ಕಪಾಟಿನಲ್ಲಿ ಅದು ಇರಬೇಕು. ಈ ಪ್ರಶ್ನೆಯನ್ನು ಕೇಳಿದ್ದು ಕಲಬುರಗಿ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ, 2012–13ರಲ್ಲಿ. ಎರಡೂ ಜಿಲ್ಲೆಗಳಲ್ಲಿ ಹಗಲಿರುಳು ತೆರೆದಿರುವ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆಯ್ದುಕೊಂಡರು. ಎಲ್ಲ ಕಡೆಯ ಶುಶ್ರೂಷಕಿಯರಿಗೂ ಆರಂಭದಲ್ಲಿ ತರಬೇತಿ, ಹೊಸ ಬಗೆಯ ಹೆರಿಗೆ ದಾಖಲೆ ಹಾಳೆ. ಆದರೆ 54 ಕೇಂದ್ರಗಳಿಗೆ ಮಾತ್ರ ಹೆಚ್ಚಿನದೊಂದು ಸಿಕ್ಕಿತು: ಅನುಭವಿ ನರ್ಸ್ ಮಾರ್ಗದರ್ಶಿಯರು ಆರು ಸಲ ಅಲ್ಲಿಗೇ ಬಂದು, ಜೊತೆಗೆ ನಿಂತು, ಕೆಲಸದ ನಡುವೆಯೇ ಕಲಿಸಿದರು.

ಇಲ್ಲಿ ಚೀಟಿ ಎತ್ತಿದ್ದು ತಾಯಂದಿರ ಹೆಸರಿಗಲ್ಲ, ಕೇಂದ್ರಗಳ ಹೆಸರಿಗೆ. ಕಲಿತ ವಿದ್ಯೆಯನ್ನು ಸೋಮವಾರದ ಬಾಣಂತಿಗೆ ಬಳಸು, ಮಂಗಳವಾರದವಳಿಗೆ ಮರೆತುಬಿಡು ಎಂದು ಯಾವ ಸಿಸ್ಟರ್‌ಗೂ ಹೇಳಲಾಗದು. ಹಾಗಾಗಿ ಇಡೀ ಕೇಂದ್ರವನ್ನೇ ಒಂದು ಗುಂಪೆಂದು ಎಣಿಸಿದರು. ಇದಕ್ಕೆ ಗುಂಪು ಯಾದೃಚ್ಛಿಕ ಪ್ರಯೋಗ ಎಂದು ಹೆಸರು.

ಕೊನೆಯಲ್ಲಿ ಪರಿಶೀಲಿಸಿದಾಗ, ಮಾಸು ಬೀಳುವ ಹಂತವನ್ನು ಹೇಗೆ ನಿಭಾಯಿಸಬೇಕೆಂದು ಮಾರ್ಗದರ್ಶನ ಸಿಕ್ಕ ಕಡೆ ಶೇ 82.4 ಮಂದಿಗೆ ತಿಳಿದಿತ್ತು. ಬರೀ ತರಬೇತಿ ಸಿಕ್ಕ ಕಡೆ ಶೇ 35.8 ಮಂದಿಗೆ. ಒಂದು ಸಲ ಕೂರಿಸಿ ಪಾಠ ಹೇಳುವುದಕ್ಕೂ ಮತ್ತೆ ಮತ್ತೆ ಬಂದು ಕೈಹಿಡಿದು ಕಲಿಸುವುದಕ್ಕೂ ಇರುವ ಅಂತರ ಇದು. ಇನ್ನೊಂದು ಸಂಖ್ಯೆ ನನ್ನನ್ನು ಹೆಚ್ಚು ಕಾಡುತ್ತದೆ. ರಕ್ತಸ್ರಾವ ನಿಭಾಯಿಸಲು ಬೇಕಾದ ಎಲ್ಲ ಔಷಧ, ಸಲಕರಣೆಗಳು ಮಾರ್ಗದರ್ಶನ ಪಡೆದ 54 ಕೇಂದ್ರಗಳಲ್ಲಿ 29ರಲ್ಲಿ ಇದ್ದವು, ಪಡೆಯದ 54ರಲ್ಲಿ 12ರಲ್ಲಿ. ದೊಡ್ಡ ಸುಧಾರಣೆಯೇ ಹೌದು. ಆದರೂ ಮಾರ್ಗದರ್ಶನ ಪಡೆದ 25 ಕೇಂದ್ರಗಳಲ್ಲಿ ಏನಾದರೊಂದು ಇರಲಿಲ್ಲ. ಪುರಾವೆ ಎಂದರೆ ಗೆಲುವನ್ನೂ ಕೊರತೆಯನ್ನೂ ಒಂದೇ ಹಾಳೆಯಲ್ಲಿ ಬರೆಯುವುದು.

ಈ ಪ್ರಯೋಗ ಅಳೆದದ್ದು ತಿಳಿವಳಿಕೆಯನ್ನು, ಸಿದ್ಧತೆಯನ್ನು. ‘ಹೀಗೆ ಮಾಡಿದರೆ ಸಾವು ಇಳಿಯಿತು’ ಎಂದು ಅದರಿಂದ ಹೇಳಲಾಗದು. ಆ ಎಚ್ಚರ ಏಕೆ ಬೇಕೆಂಬುದಕ್ಕೆ ಇನ್ನೊಂದು ಕಥೆಯಿದೆ.

ಒಳ್ಳೆಯ ಉಪಾಯವೂ ಸೋತಾಗ

2010ರಲ್ಲಿ ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ತಾಳೆಪಟ್ಟಿಯನ್ನು ಪರೀಕ್ಷಿಸಿದರು. ಕೈ ತೊಳೆಯುವುದರಿಂದ ಹಿಡಿದು ಕೂಸನ್ನು ಎದೆಗೆ ಹಚ್ಚುವವರೆಗೆ 29 ಅಗತ್ಯ ಕ್ರಮಗಳನ್ನು ಗಮನಿಸಿದಾಗ, ಮೊದಲು ಪ್ರತಿ ಹೆರಿಗೆಯಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ 25 ನಡೆದವು. ಇಷ್ಟಾದ ಮೇಲೆ ಸಾವು ಇಳಿಯದಿದ್ದೀತೇ ಎಂದು ಯಾರಿಗಾದರೂ ಅನ್ನಿಸಬೇಕು.

ಆ ಅನ್ನಿಸಿಕೆಯನ್ನೂ ಒರೆಗೆ ಹಚ್ಚಿದರು. ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಅದೇ ಪಟ್ಟಿಯ ಪ್ರಯೋಗ ನಡೆಯಿತು. 2017ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಸುಮ್ಮನಾಗಿಸಿತು. ಶುಶ್ರೂಷೆಯ ಕ್ರಮ ಸುಧಾರಿಸಿತ್ತು. ಆದರೆ ಕೂಸಿನ ಸಾವು, ತಾಯಿಯ ಸಾವು ಅಥವಾ ತೀವ್ರ ತೊಂದರೆ, ಇವುಗಳಲ್ಲಿ ಒಂದಾದರೂ ಸಂಭವಿಸಿದ ಪ್ರಮಾಣ ಪಟ್ಟಿ ಬಳಸಿದ ಕಡೆ ಶೇ 15.1, ಬಳಸದ ಕಡೆ ಶೇ 15.3. ಅಂತರವೇ ಇಲ್ಲ ಎನ್ನಬೇಕು.

ಇಂಥ ಸೋಲನ್ನು ಮುಚ್ಚಿಡದೆ ಪ್ರಕಟಿಸಿದ್ದೇ ಅದರ ಬೆಲೆ. ಮುಂದಿನವರು ಪಟ್ಟಿಯೊಂದನ್ನೇ ನೆಚ್ಚಿಕೊಳ್ಳದಂತೆ ಅದು ಕಾಯಿತು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಿಂದ ಬಂದ ಫಲಿತಾಂಶ ಬೇರೆಯೇ ಆಗಿತ್ತು. ಅಲ್ಲಿ ಅಳತೆಯ ಗೆರೆಗಳಿರುವ ಚೀಲವನ್ನು ಚಿಕಿತ್ಸೆಯೊಂದಿಗೆ ಜೋಡಿಸಿದರು: ಗೆರೆ ದಾಟಿದೊಡನೆ ಗರ್ಭಕೋಶವನ್ನು ನೀವುವುದು, ಔಷಧ, ದ್ರವ, ಪರೀಕ್ಷೆ ಎಲ್ಲವೂ ಒಟ್ಟಿಗೆ. ಎಂದಿನ ಶುಶ್ರೂಷೆಯಿದ್ದ ಕಡೆ ರಕ್ತಸ್ರಾವದ ಪ್ರಕರಣಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಾತ್ರ ಪತ್ತೆಯಾದವು. ಚೀಲವಿದ್ದ ಕಡೆ ಶೇ 93 ಪತ್ತೆಯಾದವು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ ಅಥವಾ ಅದರಿಂದಾದ ಸಾವು, ಇವುಗಳಲ್ಲಿ ಒಂದಾದರೂ ಸಂಭವಿಸಿದ ಪ್ರಮಾಣ ಎಂದಿನ ಶುಶ್ರೂಷೆಯ ಕಡೆ ಶೇ 4.3, ಚೀಲವಿದ್ದ ಕಡೆ ಶೇ 1.6. ಕಣ್ಣಳತೆ ಸಾಲದು ಎಂದು ಬೆಳಗಾವಿಯಲ್ಲಿ ಕಂಡ ಮಾತು ಅಲ್ಲಿ ಚಿಕಿತ್ಸೆಯ ಕ್ರಮವಾಯಿತು.

ಅಜ್ಜಿಯ ಮಾತೂ ಆಸ್ಪತ್ರೆಯ ರೂಢಿಯೂ

ಪುರಾವೆ ಎಂದರೆ ಹಳೆಯದನ್ನೆಲ್ಲ ತೆಗೆದುಹಾಕುವುದು ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಹೆರುವಾಗ ತನ್ನವರೆಂಬ ಒಬ್ಬ ಹೆಂಗಸು ಬೆನ್ನು ನೀವುತ್ತ ಪಕ್ಕದಲ್ಲಿರಬೇಕು ಎಂಬುದು ನಮ್ಮ ಸೂಲಗಿತ್ತಿಯರ ಕಾಲದ ಪದ್ಧತಿ. 15,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಾಗಿ ನೋಡಿದಾಗ, ನಿರಂತರ ಜೊತೆಯಿದ್ದವರಿಗೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ ಎಂದು ಕಂಡಿತು. 2016ರಲ್ಲಿ ಕೇಂದ್ರ ಸರ್ಕಾರವೂ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಜೊತೆಗಾತಿಗೆ ಅವಕಾಶ ಕೊಟ್ಟಿತು. ಇತ್ತ ಆಸ್ಪತ್ರೆಗಳೇ ರೂಢಿ ಮಾಡಿಕೊಂಡಿದ್ದ ಎನಿಮಾ, ಕೂದಲು ಬೋಳಿಸುವುದು, ಎಲ್ಲರಿಗೂ ಕೊಯ್ದು ಹೊಲಿಗೆ ಹಾಕುವುದು, ಹೊಟ್ಟೆಯನ್ನು ಮೇಲಿಂದ ಒತ್ತುವುದು, ಇವು ಬೇಡವೆಂದು 2018ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳಿತು. ಅಜ್ಜಿಗೂ ಆಸ್ಪತ್ರೆಗೂ ಪ್ರಶ್ನೆ ಒಂದೇ: ಇದರಿಂದ ತಾಯಿಗೆ, ಕೂಸಿಗೆ ಒಳಿತಾಯಿತೇ?

ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಸಂಶೋಧನಾ ವಿಧಾನ ಎಂಬ ವಿಷಯ ಪಠ್ಯದಲ್ಲಿದೆ. ಬಹಳ ಮಂದಿ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟುತ್ತಾರೆ. ಅದು ಹೆದರಿಸುವ ವಿದ್ಯೆಯಲ್ಲ. ಒಳ್ಳೆಯ ಪ್ರಶ್ನೆ ಮಂಚದಂತೆ ನಾಲ್ಕು ಕಾಲಿನ ಮೇಲೆ ನಿಲ್ಲುತ್ತದೆ: ಯಾರಿಗೆ, ಏನು ಮಾಡಿದರೆ, ಯಾವುದಕ್ಕೆ ಹೋಲಿಸಿದರೆ, ಯಾವ ಫಲ? ‘ನಮ್ಮ ಕೇಂದ್ರದಲ್ಲಿ ಹೆರುವವರಿಗೆ ಅತ್ತೆಯೋ ಅಕ್ಕನೋ ಜೊತೆಗಿದ್ದರೆ, ಒಬ್ಬಳೇ ಇರುವುದಕ್ಕಿಂತ, ಮೇಲಿನ ಆಸ್ಪತ್ರೆಗೆ ಕಳಿಸುವ ಪ್ರಸಂಗ ಕಡಿಮೆಯಾಗುವುದೇ?’ ಸೇಡಂನ ಹುಡುಗಿಯೊಬ್ಬಳು ಕೇಳಬಹುದಾದ ಪ್ರಶ್ನೆ ಇದು. ಕೇಳಿದ ಮೇಲೆ ಎಣಿಸಬೇಕು. ಎಣಿಸಿದ್ದನ್ನು, ತನ್ನ ಅನಿಸಿಕೆಗೆ ವಿರುದ್ಧವಾಗಿದ್ದರೂ, ಹಾಗೆಯೇ ಬರೆಯಬೇಕು. ಆಮೇಲೆ ಆ ತಿಳಿವಿಗೆ ತನ್ನ ಕೈಯ ನೈಪುಣ್ಯವನ್ನೂ ಎದುರಿಗಿರುವ ತಾಯಿಯ ಇಷ್ಟವನ್ನೂ ಸೇರಿಸಬೇಕು. ಪುರಾವೆ ಆಧಾರಿತ ಶುಶ್ರೂಷೆ ಎಂದರೆ ಈ ಮೂರೂ ಕೂಡಿದ್ದು.

ಎಣಿಸಲು ದಾಖಲೆ ಇರಬೇಕು. ಕಲಬುರಗಿ–ಬಳ್ಳಾರಿಯ ಪ್ರಯೋಗದಲ್ಲಿ ಮಾರ್ಗದರ್ಶನ ಸಿಕ್ಕ ಕಡೆ ಶೇ 80 ತಾಯಂದಿರ ದಾಖಲೆ ಹಾಳೆ ಸಿಕ್ಕಿತು. ಮಾರ್ಗದರ್ಶನ ಸಿಗದ ಕಡೆ ಶೇ 57 ಮಂದಿಯದು ಮಾತ್ರ. ಉಳಿದ ತಾಯಂದಿರ ಆ ರಾತ್ರಿಯಿಂದ ಯಾರಿಗೂ ಏನನ್ನೂ ಕಲಿಯಲಾಗಲಿಲ್ಲ. ಇಂದು ರಾತ್ರಿಯೂ ಆಡಕಿ ಸುತ್ತಿನಲ್ಲಿ ಯಾವಳಿಗೋ ಬ್ಯಾನಿ ಬರುತ್ತದೆ. ಮಾಸು ಬಿದ್ದ ಮೇಲೆ ಸಿಸ್ಟರ್ ದಾಖಲೆ ಹಾಳೆಯಲ್ಲಿ ‘ಸಾಧಾರಣ’ ಎಂದು ಬರೆದು ಮುಗಿಸದೆ, ಅಳೆದು, ಎಷ್ಟು ಮಿಲಿಲೀಟರ್ ಎಂದು ಬರೆಯಲಿ. ಅಲ್ಲಿಗೆ ಅವಳೂ ಬೆಳಗಾವಿಯ ಆ ಸಹಾಯಕಿಯರ ಸಾಲಿಗೆ ಸೇರುತ್ತಾಳೆ.